ಕುಲುಮೆಗೆ ಇಟ್ಟ ಬೊಟ್ಟು

ಆ ಕಟ್ಟಡದಲ್ಲಿ ಎಲ್ಲರೂ ನಮ್ಮ ಹಿರಿಯ ವಿಜ್ಞಾನಿಯನ್ನು ಕರೆಯುತ್ತಿದ್ದುದು ಒಂದು ತುಂಡು ಹೆಸರಿನಿಂದ. ಇಂಗ್ಲಿಷರಿಗೆ ಮೂರು ಅಕ್ಷರ ದಾಟಿದ ಹೆಸರೆಂದರೆ ನಾಲಿಗೆ ತೊಡರುತ್ತದೆ. ನನ್ನ ಹೆಸರನ್ನೂ ಮೊದಲ ವಾರದಲ್ಲೇ ಕತ್ತರಿಸಿ ಮೊಟಕು ಮಾಡಿದ್ದರು. ನಾನೊಬ್ಬಳು ಮಾತ್ರ ಅವರನ್ನು ಪೂರ್ತಿ ಹೆಸರಿನಿಂದ, ಅಂದರೆ ಅವರ ಹೆಸರಿಗೆ ಅವರ ತಂದೆಯ ಹೆಸರನ್ನು ಸೇರಿಸಿ ಕರೆಯುತ್ತಿದ್ದೆ. ರಷ್ಯನ್ ಮಾತಾಡುವವರಲ್ಲಿ ಹಿರಿಯರನ್ನು ಹಾಗೆ ಕರೆಯುವುದೇ ಮರ್ಯಾದೆಯಂತೆ. ಹಾಗೆ ಕರೆಯಿರಿ ಎಂದು ಅವರೇನೂ ಕೇಳಿರಲಿಲ್ಲ. ಒಂದು ದಿನ ಟೀ ಕುಡಿಯುತ್ತ, ನಮ್ಮಲ್ಲಿ ಹೆಸರಿನ ಮುಂದೆ ಅಪ್ಪನ ಇನಿಷಿಯಲ್ ಇರುತ್ತದೆ ಎಂದು ನಾನು ಹೇಳಿದಾಗ, ತಮ್ಮಲ್ಲಿ ಅಪ್ಪ ಒಂದು ಅಕ್ಷರವಾಗಿ ಕುಗ್ಗುವುದಿಲ್ಲ, ಇಡಿಯಾಗಿ ಜೊತೆಗೇ ಇರುತ್ತಾನೆ ಎಂದರು. ಮರುದಿನ ಹಾಗೇ ಕರೆದೆ. ಅವರು ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟು ತಿರುಗಿ ನೋಡಿದರು. ಅಂದಿನಿಂದ ಅವರು ನನ್ನನ್ನು 'ಕಲೀಗ್' ಎಂದು ಕರೆಯತೊಡಗಿದರು. ಟೆಕ್ನಿಷಿಯನ್ ಒಬ್ಬಳನ್ನು ಕಲೀಗ್ ಎನ್ನುವ ವಿಜ್ಞಾನಿಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಮಿಡ್‌ಲ್ಯಾಂಡ್ಸ್‌ನ ಒಂದು ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಯಾವುದು ಎಂದು ಹೇಳುವುದು ಬೇಡ. ಲೆಸ್ಟರ್‌ನಲ್ಲಿ ಬಾಡಿಗೆ ಕೋಣೆ, ಬೆಳಿಗ್ಗೆ ರೈಲು, ಸಂಜೆ ರೈಲು. ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಅಪ್ಪ ಕುಲುಮೆಯ ಮುಂದೆ ಮೂವತ್ತು ವರ್ಷ ನಿಂತು, ಹುಬ್ಬು ಸುಟ್ಟುಕೊಂಡು ನಿವೃತ್ತರಾದವರು. ಹಾಗಾಗಿ ಸಂದರ್ಶನದಲ್ಲಿ ಕುಲುಮೆ ಕಂಡರೆ ಹೆದರಿಕೆಯಿಲ್ಲವೇ ಎಂದು ಕೇಳಿದಾಗ ನನಗೆ ನಗು ಬಂದಿತ್ತು. ನಮ್ಮ ಪ್ರಯೋಗಾಲಯದ ಕುಲುಮೆಯಾದರೋ ಒಂದು ಗೋದ್ರೆಜ್ ಬೀರುವಿನಷ್ಟು ಎತ್ತರ. ಅಪ್ಪ ನೋಡಿದ್ದರೆ ಅದನ್ನು ಒಲೆ ಎನ್ನುತ್ತಿದ್ದರು.

ಆ ಒಲೆಯಲ್ಲಿ ಹರಳು ಬೆಳೆಸುವುದು ನನ್ನನ್ನು ಕಲೀಗ್ ಎನ್ನುತ್ತಿದ್ದ ಆ ವಿಜ್ಞಾನಿಯ ವಿದ್ಯೆ. ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರಗಳೊಳಗೆ ಕೂತು, ಕಣ್ಣಿಗೆ ಕಾಣದ ಕಿರಣವನ್ನು ಬೆಳಕು ಮಾಡಿ ತೋರಿಸುವ ಹರಳು. ಶುದ್ಧವಾದ ಬಿಳಿ ಪುಡಿಯನ್ನು ಗಾಜಿನಂಥ ಕೊಳವೆಗೆ ತುಂಬಿ, ಬಾಯಿ ಮುಚ್ಚಿ, ಕುಲುಮೆಯೊಳಗೆ ಕರಗಿಸಿ, ಆಮೇಲೆ ದಿನಕ್ಕೆ ಬೆರಳಗಲಕ್ಕಿಂತ ಕಡಿಮೆ ಕೆಳಗಿಳಿಸುತ್ತ ಹೋಗಬೇಕು. ಮೂರು ವಾರ ಇಳಿಸುವುದು, ಒಂದು ವಾರ ಆರಿಸುವುದು. ನಡುವೆ ಬಾಗಿಲು ತೆಗೆಯುವಂತಿಲ್ಲ, ಇಣುಕುವಂತಿಲ್ಲ. ಚೆನ್ನಾಗಿ ಬರುತ್ತದೆ ಎಂದು ಬಾಯಿ ಬಿಟ್ಟು ಹೇಳಿದರಂತೂ ಅವರಿಗೆ ಕೆಟ್ಟ ಕೋಪ. ಬಸುರಿಯ ಮುಂದೆ ಮಗುವಿನ ಮಾತಾಡಬಾರದು ಎನ್ನುವ ನಮ್ಮಜ್ಜಿಯ ಹಾಗೆ.

ಅವರ ಊರು ಖಾರ್ಕಿವ್. ಊರು ಉಕ್ರೇನಿನದು, ಮನೆಮಾತು ರಷ್ಯನ್. ಓದಿದ್ದು, ಹರಳು ಕಲಿತದ್ದು ಉಕ್ರೇನ್, ರಷ್ಯಾ ಎರಡೂ ಒಂದೇ ದೇಶವಾಗಿದ್ದಾಗ. ಆ ದೇಶ ಒಡೆದು ಎಷ್ಟೋ ವರ್ಷವಾದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಎರಡು ವರ್ಷಕ್ಕೆ ಬಂದರು. ಅಲ್ಲಿಂದ ಲೀಡ್ಸ್, ಅಲ್ಲಿಂದ ಮ್ಯಾಂಚೆಸ್ಟರ್, ಮತ್ತೆ ಲೀಡ್ಸ್, ಕೊನೆಗೆ ನಮ್ಮಲ್ಲಿಗೆ. ಎಲ್ಲಿ ಹೋದರೂ ಎರಡು ವರ್ಷ, ಮೂರು ವರ್ಷದ ಕಾಂಟ್ರ್ಯಾಕ್ಟ್. ಅವರು ಬರೆದ ಒಳ್ಳೆಯ ಲೇಖನಗಳೆಲ್ಲ ರಷ್ಯನ್ನಿನಲ್ಲಿದ್ದವು, ಇಲ್ಲಿ ಓದುವವರಿಲ್ಲ. ಕೈಯಲ್ಲಿದ್ದ ವಿದ್ಯೆಯನ್ನು ಅರ್ಜಿಯಲ್ಲಿ ಬರೆಯಲು ಬರುತ್ತಿರಲಿಲ್ಲ. ಐವತ್ತೊಂಬತ್ತರ ವಯಸ್ಸಿನಲ್ಲಿ, ತಮಗಿಂತ ಇಪ್ಪತ್ತು ವರ್ಷ ಕಿರಿಯಳಾದ ನಮ್ಮ ಮುಖ್ಯಸ್ಥೆಯ ಕೈಕೆಳಗೆ ಕೆಲಸ ಮಾಡುತ್ತಿದ್ದರು. ಆಕೆ ಕೆಟ್ಟವಳಲ್ಲ. ಆಕೆಗೆ ಅವರ ಬೆಲೆ ಗೊತ್ತಿತ್ತು, ಆದರೆ ಮೇಲಿನವರಿಗೆ ತೋರಿಸಲು ಒಂದು ಹರಳು ಬೇಕಿತ್ತು.

ದಿನಾ ಮಧ್ಯಾಹ್ನ ನಾಲ್ಕಕ್ಕೆ ನಾವಿಬ್ಬರು ಟೀ ಕುಡಿಯುತ್ತಿದ್ದೆವು. ಹಾಲಿಲ್ಲದ ಕರಿ ಟೀ, ನಿಂಬೆಯ ಒಂದು ಬಿಲ್ಲೆ, ಜೊತೆಗೆ ಚಮಚದಲ್ಲಿ ತಿನ್ನುವ ಚೆರಿ ಹಣ್ಣಿನ ಪಾಕ. ಮೊದಮೊದಲು ನನಗೆ ಅದು ಕಷಾಯ ಕುಡಿದ ಹಾಗಿತ್ತು, ಆಮೇಲೆ ರೂಢಿಯಾಯಿತು. ರಷ್ಯಾ ಉಕ್ರೇನಿನ ಮೇಲೆ ಯುದ್ಧ ಶುರುಮಾಡಿದ ಮೇಲೆ ಅವರು ಕಾರಿಡಾರಿನಲ್ಲಿ ಫೋನಿನಲ್ಲಿ ರಷ್ಯನ್ ಮಾತಾಡುವುದನ್ನು ಬಿಟ್ಟಿದ್ದರು. ಅವರ ತಂಗಿ ಇರುವುದು ಗಡಿಯಾಚೆ, ರಷ್ಯಾದ ಬೆಲ್ಗೊರೊದ್‌ನಲ್ಲಿ. ಅವರ ಊರಿನಿಂದ ಅಲ್ಲಿಗೆ ಶಿವಮೊಗ್ಗದಿಂದ ದಾವಣಗೆರೆಗೆ ಇರುವಷ್ಟೇ ದೂರ. ಖಾರ್ಕಿವ್ ಮೇಲೆ ಬಾಂಬು ಬೀಳುತ್ತಿರುವುದು ನಿಜವೆಂದು ಆಕೆ ನಂಬಲಿಲ್ಲವಂತೆ. ಅಲ್ಲಿಗೆ ಅಣ್ಣ ತಂಗಿಯ ಮಾತು ನಿಂತಿತು. ಮ್ಯಾಂಚೆಸ್ಟರಿನಲ್ಲಿದ್ದಾಗ ಡಿಡ್ಸ್‌ಬರಿಯ ಒಂದು ಮನೆಯಲ್ಲಿ ತಿಂಗಳಿಗೊಮ್ಮೆ ಅವರಂಥವರೆಲ್ಲ ಸೇರುತ್ತಿದ್ದರಂತೆ. ತಾಷ್ಕೆಂಟಿನ ಗಣಿತದವರು, ಮಿನ್ಸ್ಕಿನ ರಸಾಯನದವರು, ಸೈಬೀರಿಯಾದ ಲೇಸರ್‌ನವರು, ಇವರು. ಒಂದೇ ಭಾಷೆ, ಒಂದೇ ಉಪ್ಪಿನಕಾಯಿ. ಈಗ ಅರ್ಧ ಜನ ಇನ್ನರ್ಧ ಜನರ ಮುಖ ನೋಡುವುದಿಲ್ಲ. ನನ್ನ ಭಾಷೆಯನ್ನು ಈಗ ಮನಸ್ಸಿನಲ್ಲಿ ಲೆಕ್ಕ ಮಾಡುವುದಕ್ಕೆ, ನನಗಾಗಿ ಬರೆದುಕೊಳ್ಳುವುದಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ ಎಂದು ಒಮ್ಮೆ ಅಂದರು.

ನನ್ನ ಕಥೆಯೇನು ದೊಡ್ಡದಲ್ಲ. ಲೆಸ್ಟರ್‌ನಲ್ಲಿ ಕನ್ನಡದವರ ಸಮಾರಂಭಗಳಿಗೆ ಹೋಗುತ್ತಿದ್ದೆ. ಯಾವೂರು, ಮದುವೆ ಆಗಿಲ್ಲವಾ, ಮಾರ್ಟ್‌ಗೇಜ್ ಸಿಕ್ಕಿತಾ ಎಂದು ಕೇಳುತ್ತಿದ್ದರು. ಮೂರಕ್ಕೂ ಉತ್ತರ ಕೊಟ್ಟ ಮೇಲೆ ಬಿಸಿಬೇಳೆಬಾತಿನ ತಟ್ಟೆ ಹಿಡಿದು ಗೋಡೆಯ ಪಕ್ಕ ನಿಲ್ಲುತ್ತಿದ್ದೆ. ಆ ದೇಶದಲ್ಲಿ ನನ್ನ ಜೊತೆ ನಿಜವಾಗಿ ಮಾತಾಡುತ್ತಿದ್ದುದು ಕನ್ನಡ ಬಾರದ ಈ ಮನುಷ್ಯ ಒಬ್ಬರೇ.

ಅವರದೊಂದು ಪದ್ಧತಿಯಿತ್ತು. ಪ್ರತಿ ಸಲ ಕುಲುಮೆ ಹೊತ್ತಿಸುವ ಮೊದಲು ಎರಡು ಸ್ಟೂಲ್ ಎಳೆದು, ಒಂದರ ಮೇಲೆ ತಾವು, ಇನ್ನೊಂದರ ಮೇಲೆ ನಾನು, ಒಂದು ನಿಮಿಷ ಸುಮ್ಮನೆ ಕೂರಬೇಕು. ಅವರ ಕಡೆ ಪ್ರಯಾಣ ಹೊರಡುವ ಮುಂಚೆ ಮನೆಯವರೆಲ್ಲ ಹೀಗೆ ಕೂರುತ್ತಾರಂತೆ. ಹರಳೂ ಪ್ರಯಾಣವೇ ಹೊರಡುವುದು ಎಂದು ಅವರ ವಾದ. ನಮ್ಮಲ್ಲಿ ಹೊರಡುವಾಗ ಯಾರಾದರೂ ಸೀನಿದರೆ ಕೂತು, ನೀರು ಕುಡಿದು, ಮತ್ತೆ ಏಳುತ್ತೇವೆ ಎಂದು ನಾನು ಹೇಳಿದೆ. ಹಾಗಾದರೆ ನೀವು ಸೀನುವವರೆಗೆ ಕಾಯುತ್ತೀರಿ, ನಾವು ಕಾಯುವುದಿಲ್ಲ, ಅಷ್ಟೇ ವ್ಯತ್ಯಾಸ ಎಂದರು. ಪದ್ಧತಿ ಇಷ್ಟಾದರೂ ಕೆಲಸದ ಸ್ವಚ್ಛತೆಯ ವಿಷಯಕ್ಕೆ ಬಂದರೆ ಮಡಿಹೆಂಗಸಿಗಿಂತ ಹೆಚ್ಚು. ಗ್ಲೋವ್ಸನ್ನು ಮಣಿಕಟ್ಟಿನ ಅಂಚಿನಲ್ಲಿ ಮಾತ್ರ ಹಿಡಿದು ಹಾಕಿಕೊಳ್ಳಬೇಕು, ಬೆರಳಿನ ಭಾಗವನ್ನು ಬರಿಗೈಯಿಂದ ಮುಟ್ಟಬಾರದು. ಅದನ್ನು ನನಗೆ ನೂರು ಸಲ ಹೇಳಿಕೊಟ್ಟಿದ್ದರು.

ಆ ವರ್ಷದ ಅಕ್ಟೋಬರಿನಲ್ಲಿ ಮುಖ್ಯಸ್ಥೆ ನಮ್ಮಿಬ್ಬರನ್ನು ಕೂರಿಸಿಕೊಂಡು ವಿಷಯ ತಿಳಿಸಿದಳು. ಯೋಜನೆ ಮುಂದುವರಿಯಬೇಕೋ ಬೇಡವೋ ಎಂದು ನೋಡಲು ಸಮಿತಿ ನವೆಂಬರ್ ಕೊನೆಯಲ್ಲಿ ಬರುತ್ತದೆ. ಮುಷ್ಟಿಯಷ್ಟು ದಪ್ಪದ, ತಿಳಿಯಾದ ಒಂದು ಹರಳು ಮೇಜಿನ ಮೇಲಿದ್ದರೆ ಇವರಿಗೆ ಇನ್ನೂ ಮೂರು ವರ್ಷ. ಇಲ್ಲದಿದ್ದರೆ ಮಾರ್ಚಿಗೆ ಮುಗಿಯಿತು. ಅರವತ್ತರ ಹೊಸ್ತಿಲಲ್ಲಿರುವವರನ್ನು ಆಮೇಲೆ ಯಾರೂ ತೆಗೆದುಕೊಳ್ಳುವುದಿಲ್ಲ ಎನ್ನುವುದು ಮೂವರಿಗೂ ಗೊತ್ತಿತ್ತು. ಉಳಿದದ್ದು ಒಂದೇ ಹರಳಿಗಾಗುವಷ್ಟು ಸಮಯ. ಹೊರಗೆ ಬಂದ ಮೇಲೆ ಅವರು ಇಷ್ಟು ಮಾತ್ರ ಹೇಳಿದರು: ಮೂರು ವರ್ಷ ಸಿಕ್ಕರೆ ಒಂದೇ ಊರಿನಲ್ಲಿ ಮುದುಕನಾಗಬಹುದು.

ಕುಲುಮೆ ಹೊತ್ತಿಸುವ ದಿನ ಆಯುಧಪೂಜೆ. ಹಾಗೆ ಬಿದ್ದದ್ದು ಆಕಸ್ಮಿಕ. ಬೆಳಿಗ್ಗೆ ರೈಲಿನಲ್ಲಿ ಅಮ್ಮನ ಫೋನು ಬಂತು. ಅಮ್ಮ ಈಗ ಶಿವಮೊಗ್ಗದಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಕಾರು ತೊಳೆದಾಯಿತು, ಕುಂಬಳಕಾಯಿ ತಂದಾಯಿತು ಎಂದು ಎಲ್ಲ ಹೇಳಿ ಕೊನೆಗೆ ಅಂದಳು:

"ನಿನ್ ಮಿಷನ್ನಿಗೆ ಒಂದು ಬೊಟ್ಟಾದ್ರೂ ಇಡೇ. ಕುಲುಮೆ ಮುಂದೆ ನಿಂತು ಅನ್ನ ತಿಂದಿರೋ ಮನೆ ನಮ್ದು."

ನನಗೆ ಆ ಮಾತು ನಾಟಿತು. ಅಪ್ಪನ ಕಾರ್ಖಾನೆಯಲ್ಲಿ ಆ ದಿನ ಯಂತ್ರಗಳಿಗೆಲ್ಲ ಚೆಂಡುಹೂವಿನ ಹಾರ ಬೀಳುತ್ತಿತ್ತು, ಮಕ್ಕಳನ್ನು ಒಳಗೆ ಬಿಡುತ್ತಿದ್ದರು, ಅಪ್ಪ ನನ್ನ ಕೈ ಹಿಡಿದು ತಮ್ಮ ಕುಲುಮೆಯನ್ನು ತೋರಿಸುತ್ತಿದ್ದರು. ಬ್ಯಾಗಿನಲ್ಲಿ ಲೆಸ್ಟರ್‌ನ ಅಂಗಡಿಯ ಕುಂಕುಮದ ಪೊಟ್ಟಣವಿತ್ತು. ಪ್ರಯೋಗಾಲಯಕ್ಕೆ ಆಗಿನ್ನೂ ಯಾರೂ ಬಂದಿರಲಿಲ್ಲ. ಕುಲುಮೆಯ ಬಾಗಿಲಿನ ಹಿಡಿಯ ಹಿಂದೆ, ಯಾರಿಗೂ ಕಾಣದ ಕಡೆ, ಒಂದು ಬೊಟ್ಟು ಇಟ್ಟು ಕೈ ಮುಗಿದೆ. ಬೇಡಿಕೊಂಡದ್ದು ನನಗಾಗಿ ಅಲ್ಲ, ಅವರಿಗಾಗಿ. ಅಷ್ಟಂತೂ ಸತ್ಯ.

ಅಷ್ಟರಲ್ಲಿ ಬಾಗಿಲು ತೆರೆದು ಅವರೇ ಒಳಗೆ ಬಂದರು. ಕಳ್ಳಿಯ ಹಾಗೆ ಪೊಟ್ಟಣವನ್ನು ಕೋಟಿನ ಜೇಬಿಗೆ ತುರುಕಿ, ಹತ್ತಿರದ ಪೆಟ್ಟಿಗೆಯಿಂದ ಗ್ಲೋವ್ಸ್ ಎಳೆದು ಹಾಕಿಕೊಂಡೆ. ಕೈ ತೊಳೆಯಲಿಲ್ಲ. ಅಂಚು ಹಿಡಿದೆನೋ ಬೆರಳು ಹಿಡಿದೆನೋ ಆಗ ಗಮನವಿರಲಿಲ್ಲ. ಅದೇ ಗ್ಲೋವ್ಸಿನಲ್ಲಿ ಪುಡಿಯನ್ನು ಕೊಳವೆಗೆ ಸುರಿದೆ. ಆಲಿಕೆಯ ಬಾಯಿಗೆ ಅಂಟಿದ ಪುಡಿಯನ್ನು ಬೆರಳಿನ ತುದಿಯಿಂದ ಒಳಗೆ ತಳ್ಳಿದೆ. ಅವರು ಕೊಳವೆಯ ಬಾಯಿ ಮುಚ್ಚಿ, ಕುಲುಮೆಯೊಳಗಿಟ್ಟು, ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ಎರಡು ಸ್ಟೂಲ್ ಎಳೆದರು. ಒಂದು ನಿಮಿಷ ಕೂತೆವು.

ನಾಲ್ಕು ವಾರ ನಾವಿಬ್ಬರೂ ಹರಳಿನ ಮಾತೆತ್ತಲಿಲ್ಲ. ಟೀ, ಪಾಕ, ಹವಾಮಾನ, ಭದ್ರಾವತಿ, ಖಾರ್ಕಿವ್. ಆ ದಿನಗಳಲ್ಲಿ ಅವರು ಖುಷಿಯಲ್ಲಿದ್ದರು. ಕಿಟಕಿಯಲ್ಲಿಡಲು ಕುಂಡದಲ್ಲಿ ಒಂದು ಗಿಡ ತಂದಿದ್ದರು. ಎರಡು ವರ್ಷದ ಊರುಗಳಲ್ಲಿ ಅವರು ಗಿಡ ಇಟ್ಟವರಲ್ಲ.

ಬಾಗಿಲು ತೆಗೆದ ದಿನ ಕೊಳವೆಯೊಳಗೆ ಇದ್ದದ್ದು ಗಂಜಿ ಬೆರೆಸಿದ ನೀರಿನಂಥ ಮಸುಕು ಗಡ್ಡೆ. ನಡುವೆ ಉದ್ದಕ್ಕೂ ಬಿರುಕು. ಅವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಒಂದು ಚೂರನ್ನು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಮೂರನೆಯ ದಿನ ಕಾಗದ ಬಂತು. ಇರಲೇಬಾರದ ಒಂದು ವಸ್ತು ಎದ್ದು ಕಾಣುತ್ತಿತ್ತು: ಕ್ಯಾಲ್ಸಿಯಂ. ಅಂದರೆ ಸುಣ್ಣದಲ್ಲಿರುವುದು.

ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕುಂಕುಮ. ಅಂಗಡಿಯ ಅಗ್ಗದ ಕುಂಕುಮವಾದರೆ ಬಣ್ಣ ಹಾಕಿದ ಸುಣ್ಣವೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ನಾನು ಬೆರಳಿನ ತುದಿಗಳನ್ನು ಅಂಗೈಯೊಳಗೆ ಮಡಿಸಿಕೊಂಡೆ. ಅವರು ಪೆನ್ಸಿಲಿನಿಂದ ಆ ಸಾಲನ್ನು ಎರಡು ಸಲ ತಟ್ಟಿ ನನ್ನ ಕಡೆ ನೋಡಿದರು.

"ಗ್ಲೋವ್ಸ್ ಹೊಸ ಪೆಟ್ಟಿಗೆಯದೇ ತಾನೆ, ಕಲೀಗ್?"

ಹೌದು ಎಂದೆ. ಅದು ನಿಜವೇ ಆಗಿತ್ತು. ಅವರು ತಲೆಯಾಡಿಸಿದರು. ವರದಿಯಲ್ಲಿ 'ಮೂಲ ಪತ್ತೆಯಾಗಿಲ್ಲ' ಎಂದು ಬರೆದರು. ಪತ್ತೆಯಾಗದ ತಪ್ಪು ಎಂಬುದು ಇಲ್ಲ, ಹುಡುಕದ ತಪ್ಪು ಇರುತ್ತದೆ ಎಂದು ನನಗೆ ಕಲಿಸಿದವರು ಅದನ್ನು ಬರೆದರು. ಕೆಳಗೆ ನಾನೂ ಸಹಿ ಹಾಕಿದೆ.

ಹೇಳಿಬಿಡಬಹುದಿತ್ತು. ಆಕಸ್ಮಿಕ ಎಂದು ಗೊತ್ತಾಗಿದ್ದರೆ ಮುಖ್ಯಸ್ಥೆ ಸಮಿತಿಯ ಹತ್ತಿರ ಇನ್ನೆರಡು ತಿಂಗಳು ಕೇಳುತ್ತಿದ್ದಳೋ ಏನೋ. ಆದರೆ ನನ್ನ ವೀಸಾ ಆ ಕೆಲಸಕ್ಕೆ ಕಟ್ಟಿಬಿದ್ದಿತ್ತು, ಇಲ್ಲೇ ನೆಲೆಯೂರಲು ಇನ್ನೊಂದು ವರ್ಷ ಬಾಕಿಯಿತ್ತು. ಯಂತ್ರಕ್ಕೆ ಕುಂಕುಮ ಇಟ್ಟು ಹರಳು ಕೆಡಿಸಿದ ಹೆಂಗಸು ಎಂದು ಕ್ಯಾಂಟೀನಿನಲ್ಲಿ ಹೇಳಿಕೊಂಡು ನಗುವುದನ್ನು ಊಹಿಸಿಯೇ ಬೆವತೆ. ಮಾತು ಬೆಳ್ಳಿ, ಮೌನ ಬಂಗಾರ ಎಂದು ನನಗೆ ನಾನೇ ಹೇಳಿಕೊಂಡೆ. ಎಂಥ ಬಂಗಾರವೋ. ಹೆದರಿದ್ದೆ, ಅಷ್ಟೇ.

ಸಮಿತಿ ಬಂತು, ನೋಡಿತು, ಹೋಯಿತು. ಡಿಸೆಂಬರ್ ಮೊದಲ ವಾರ ಪತ್ರ ಬಂತು, ಮಾರ್ಚಿಗೆ ಮುಕ್ತಾಯ. ನನ್ನದು ವಿಭಾಗದ ಕೆಲಸ, ಅದಕ್ಕೇನೂ ಆಗಲಿಲ್ಲ.

ಅಲ್ಲಿಂದಾಚೆ ನನಗೆ ಅವರ ಮುಖ ನೋಡಲಾಗಲಿಲ್ಲ. ನಾಲ್ಕು ಗಂಟೆ ಹೊಡೆಯುವ ಹೊತ್ತಿಗೆ ಸ್ಟೋರಿನಲ್ಲಿ ಏನಾದರೂ ಎಣಿಸುವ ಕೆಲಸ ಹಚ್ಚಿಕೊಳ್ಳುತ್ತಿದ್ದೆ. ಮೊದಲ ವಾರ ಅವರು ಬಾಗಿಲ ಹತ್ತಿರ ಬಂದು, ಟೀ ಆಗಿದೆ ಎಂದರು. ಕೆಲಸವಿದೆ ಎಂದೆ. ಎರಡನೆಯ ವಾರವೂ ಕೆಲಸವಿದೆ ಎಂದೆ. ಆಮೇಲೆ ಅವರು ಬರಲಿಲ್ಲ. ಎದುರು ಸಿಕ್ಕರೆ ತಲೆ ತಗ್ಗಿಸಿ ಗುಡ್ ಮಾರ್ನಿಂಗ್ ಎನ್ನುತ್ತಿದ್ದೆ. ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಬಾಯಿಗೆ ಅವರ ಅಪ್ಪನ ಹೆಸರು ಬಂದರೆ ನನ್ನ ಅಪ್ಪನ ಮುಖ ಕಣ್ಣಿಗೆ ಬರುತ್ತಿತ್ತು. ಸಂಜೆಯ ರೈಲಿನಲ್ಲಿ ಕೂತು, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಬೆಳಗಿನ ರೈಲಿನಲ್ಲಿ ಬೇರೆ ಏನಾದರೂ ಯೋಚಿಸುತ್ತಿದ್ದೆ. ಹೀಗೆ ಮಾರ್ಚ್ ಬಂತು.

ಕೊನೆಯ ದಿನ ಅವರು ಒಂದು ಸೂಟ್‌ಕೇಸ್, ಒಂದು ಗಿಡದ ಕುಂಡದೊಂದಿಗೆ ನಿಂತಿದ್ದರು. ಲೀಡ್ಸಿನಲ್ಲಿ ಒಂದು ಕೋಣೆ ಸಿಕ್ಕಿದೆ, ಶಾಲೆಯ ಮಕ್ಕಳಿಗೆ ಭೌತಶಾಸ್ತ್ರದ ಟ್ಯೂಷನ್ ಹೇಳುತ್ತೇನೆ ಎಂದರು. ಎರಡು ಸ್ಟೂಲ್ ಎಳೆದರು. ಎದುರುಬದುರು ಕೂತೆವು. ಆ ಒಂದು ನಿಮಿಷ ಅದೆಷ್ಟು ಉದ್ದವಿತ್ತೆಂದರೆ ಅದರಲ್ಲಿ ಎಲ್ಲವನ್ನೂ ಹೇಳಿ ಮುಗಿಸಬಹುದಿತ್ತು. ಅವರು ಕಾಯುತ್ತಿದ್ದಾರೆ ಅನ್ನಿಸಿತು. ಅವರು ಎದ್ದರು, ಕೈ ಕುಲುಕಿದರು, ಹೋದರು. ನಾನು ಸ್ಟೋರಿಗೆ ಹೋಗಿ ಎಣಿಸಿದ್ದನ್ನೇ ಎಣಿಸಿದೆ.

ಜೂನಿನಲ್ಲಿ ಮುಖ್ಯಸ್ಥೆ, ಅವರು ಬಿಟ್ಟುಹೋದ ದಪ್ಪ ನೋಟ್‌ಬುಕ್ಕುಗಳನ್ನು ಸ್ಕ್ಯಾನ್ ಮಾಡಿಡಲು ಹೇಳಿದಳು. ಎಡಗಡೆ ಪುಟದಲ್ಲಿ ನಮಗಾಗಿ ಇಂಗ್ಲಿಷ್, ಬಲಗಡೆ ಪುಟದಲ್ಲಿ ತಮಗಾಗಿ ರಷ್ಯನ್. ಆ ಅಕ್ಟೋಬರಿನ ಪುಟ ಬಂದಾಗ ಸ್ಕ್ಯಾನ್ ಮಾಡುವುದನ್ನು ನಿಲ್ಲಿಸಿದೆ. ಫೋನನ್ನು ಅಕ್ಷರಗಳ ಮೇಲೆ ಹಿಡಿದರೆ ಇಂಗ್ಲಿಷ್ ಮಾಡಿ ತೋರಿಸುವ ಆ್ಯಪ್ ಇದೆಯಲ್ಲ, ಅದನ್ನು ಹಿಡಿದೆ. ಸಾಲುಗಳು ಒಂದೊಂದಾಗಿ ಮೂಡಿದವು. ಬಾಗಿಲಿನ ಹಿಡಿಯ ಹಿಂದೆ ಕೆಂಪು ಬೊಟ್ಟು. ಕಲೀಗ್ ಇಟ್ಟದ್ದು. ನಿಯಮದ ಪ್ರಕಾರ ಎಲ್ಲ ನಿಲ್ಲಿಸಿ, ಒರೆಸಿ, ಮತ್ತೆ ಮೊದಲಿನಿಂದ ಶುರು ಮಾಡಬೇಕು. ಮಾಡುವುದಿಲ್ಲ. ಈ ಸಲ ಆ ಬೊಟ್ಟೂ ಬೇಕಾಗುತ್ತದೆ.

ಪುಟ ತಿರುಗಿಸಿ ನವೆಂಬರಿಗೆ ಬಂದೆ. ಕ್ಯಾಲ್ಸಿಯಂ. ಕಾರಣ ಗೊತ್ತು. ನಿಲ್ಲಿಸದೆ ಹೋದವನು ನಾನು. ಅಷ್ಟೇ ಬರೆದಿತ್ತು.

ಮುಖ್ಯಸ್ಥೆಯ ಹತ್ತಿರ ವಿಳಾಸ ಕೇಳಿಕೊಂಡು ಆ ಶನಿವಾರ ಲೀಡ್ಸಿಗೆ ಹೋದೆ. ಶೆಫೀಲ್ಡ್‌ನಲ್ಲಿ ರೈಲು ಬದಲಿಸಿದರೆ ಎಷ್ಟು ಮಹಾ ದೂರ. ಮೂರು ತಿಂಗಳಿನಿಂದ ಅದು ನನಗೆ ಖಾರ್ಕಿವ್‌ನಷ್ಟು ದೂರವಾಗಿತ್ತು. ಸಾಲುಮನೆಗಳ ಬೀದಿ, ಮಹಡಿಯ ಮೇಲೊಂದು ಕೋಣೆ, ಕಿಟಕಿಯಲ್ಲಿ ಅದೇ ಗಿಡ. ಅವರು ಸ್ವಲ್ಪ ಬಡವಾಗಿದ್ದರು. ಬನ್ನಿ ಎಂದು ಕೂರಿಸಿ ಕೆಟಲ್ ಇಟ್ಟರು. ಟೀ ಬರುವ ಮೊದಲೇ ಹೇಳಿಬಿಟ್ಟೆ. ಕುಂಕುಮ, ತೊಳೆಯದ ಕೈ, ಗ್ಲೋವ್ಸ್, ಆಲಿಕೆ, ವೀಸಾ, ನೋಟ್‌ಬುಕ್ಕು, ಎಲ್ಲ ಒಂದೇ ಉಸಿರಿಗೆ. ನಿಮ್ಮ ಮೂರು ವರ್ಷವನ್ನು ನಾನು ಕಳೆದೆ ಎಂದೆ.

ಅವರು ಕಪ್ಪಿಗೆ ನಿಂಬೆಯ ಬಿಲ್ಲೆ ಹಾಕಿ ನನ್ನ ಮುಂದೆ ಇಟ್ಟರು. ಎದುರಿನ ಕುರ್ಚಿಯಲ್ಲಿ ಕೂತರು.

"ಹರಳು ಕೆಡುತ್ತೆ, ಕಲೀಗ್. ನನ್ನ ಕೈಯಲ್ಲಿ ಕೆಟ್ಟಿರೋದು ಎಷ್ಟೋ. ಅದು ನಂಗೆ ಅಭ್ಯಾಸ ಇದೆ," ಎಂದರು. "ಆದ್ರೆ ನೀವು ಟೀಗೆ ಬರೋದು ನಿಲ್ಲಿಸಿಬಿಟ್ರಿ. ಆಮೇಲೆ ನನ್ನನ್ನ ಪೂರ್ತಿ ಹೆಸರು ಹಿಡಿದು ಕರೆಯೋರು ಯಾರೂ ಇರಲಿಲ್ಲ. ಇವತ್ತಿನವರೆಗೂ."

ನನಗೆ ಅಳು ಬಂತು. ಅವರ ಎದುರಿಗೇ ಕೂತು ಅತ್ತೆ. ನಾನು ಅವರಿಂದ ಕಸಿದದ್ದು ಹರಳನ್ನು ಎಂದುಕೊಂಡು ಇಷ್ಟು ದಿನ ಬೆಂದಿದ್ದೆ. ಅವರ ಲೆಕ್ಕದಲ್ಲಿ ಅದು ಬೇರೆಯೇ ಆಗಿತ್ತು, ಮತ್ತು ಅದನ್ನು ನಾನು ಕೊಡಬಹುದಾಗಿತ್ತು, ದಿನಾ, ಒಂದು ಸಾಸಿವೆಯಷ್ಟೂ ಕಷ್ಟವಿಲ್ಲದೆ.

ಕಣ್ಣೊರೆಸಿಕೊಂಡು ಅವರ ಹೆಸರನ್ನು, ಅವರ ಅಪ್ಪನ ಹೆಸರಿನ ಸಮೇತ, ಕರೆದೆ.

"ಹೇಳಿ," ಎಂದರು.

ನಾನು ಕಪ್ಪು ಎತ್ತಿಕೊಂಡೆ. ಟೀ ಕುಡಿದೆವು.